ನೀಲಿಯಾದ ಜಾಡಿ

ನಮ್ಮ ಅತ್ತೆಯನ್ನು ಮೆಚ್ಚಿಸುವುದು ನನ್ನಿಂದಾಗದ ಕೆಲಸ. ಇಪ್ಪತ್ತೆರಡು ವರ್ಷ ಪ್ರಯತ್ನಪಟ್ಟು ಕೈಬಿಟ್ಟಿದ್ದೇನೆ. ನಾನು ಸುಲಿದ ಒಂದೊಂದು ಮೊಟ್ಟೆಯನ್ನೂ ಬೆಳಕಿಗೆ ಹಿಡಿದು ಗೀರು ಹುಡುಕುತ್ತಾರೆ. ಸಿಕ್ಕಿತೋ, "ನಿನ್ನ ಉಗುರು ಕತ್ತರಿಸೋಕೂ ನಾನೇ ಬರಬೇಕಾ?" ಸಿಗದಿದ್ದರೆ ಮಾತೇ ಇಲ್ಲ. ಆ ಮೌನವನ್ನೇ ಹೊಗಳಿಕೆ ಅಂದುಕೊಂಡು ಇಷ್ಟು ದಿನ ಸಂಸಾರ ಮಾಡಿದ್ದೇನೆ.

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕಿಟಕಿಯ ಹಲಗೆಯ ಮೇಲೆ ಗಾಜಿನ ಜಾಡಿಗಳು. ಒಳಗೆ ಬೇಯಿಸಿ, ಸುಲಿದು, ಉಪ್ಪು ಮತ್ತು ವಿನೆಗರಿನ ನೀರಿನಲ್ಲಿ ಊರಿಸಿದ ಮೊಟ್ಟೆಗಳು. ಅರಿಶಿನದವು ಹಳದಿ, ಬೀಟ್‌ರೂಟಿನವು ಕಡುಗೆಂಪು, ನೇರಳೆ ಎಲೆಕೋಸಿನವು ನಸುಗೆಂಪು. ಬಣ್ಣದ ಪುಡಿ ಈ ಹೊಸ್ತಿಲು ದಾಟಿಲ್ಲ. ಸುಲಿಯುವುದು, ಕುದಿಸುವುದು, ತೊಳೆಯುವುದು ನನ್ನ ಪಾಲು. ವಿನೆಗರ್ ಹಾಕುವುದು ಅತ್ತೆಯ ಪಾಲು. ಅಳತೆಯಿಲ್ಲ, ಕಣ್ಣಂದಾಜು, ಆಮೇಲೆ ನಾಲಿಗೆಯ ಮೇಲೊಂದು ಹನಿ. ಮುಚ್ಚಳಕ್ಕೆ ಬಟ್ಟೆ ಹೊದಿಸಿ ದಾರ ಕಟ್ಟುವವರೂ ಅವರೇ. ಎಡಗೈಯವರು ಹಾಕುವ ಗಂಟು ಅದು. ಬಿಚ್ಚುವುದು ನನಗೆ ಗೊತ್ತು, ಕಟ್ಟುವುದು ಇವತ್ತಿಗೂ ಬಂದಿಲ್ಲ.

ಈಚೆಗೆ ಅತ್ತೆ ಹೇಳಿದ್ದನ್ನೇ ಹೇಳುತ್ತಿದ್ದರು. ಇಳಿಸಿಟ್ಟ ಪಾತ್ರೆಯನ್ನು ಇಳಿಸಿದೆಯಾ ಎಂದು ಮೂರು ಸಲ ಕೇಳುತ್ತಿದ್ದರು. ನನ್ನ ಗಂಡ "ವಯಸ್ಸಾಯ್ತಲ್ಲ" ಎಂದು ಸುಮ್ಮನಾದರು. ನಾನೂ ನೋಡಿಯೂ ನೋಡದಂತಿದ್ದೆ. ಹೆದರಿಕೆ ನನಗೆ.

ಆ ದಿನ ಬೆಳಿಗ್ಗೆ ಎದುರುಮನೆಯ ಟೈಲರಮ್ಮ ಬಂದವಳೇ ಕಿಟಕಿಗೆ ಮೂಗು ತಗುಲಿಸಿ ನಿಂತಳು.

"ಅಬ್ಬಾ, ಎಂಥಾ ನೀಲಿ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ನನಗೆ ಅದೇ ಜಾಡಿ ಬೇಕು."

ನೋಡಿದೆ. ಎಲೆಕೋಸಿನ ನೀರಿಗೆ ಹುಳಿ ಬಿದ್ದರೆ ಕೆಂಪಗಾಗುತ್ತದೆ. ಬೀಳದಿದ್ದರೆ ದಿನ ಕಳೆದಂತೆ ನೀಲಿಗೆ ತಿರುಗುತ್ತದೆ. ಹುಳಿಯಿಲ್ಲದ ಮೊಟ್ಟೆ ಕೆಡುತ್ತದೆ, ತಿಂದವರು ಹಾಸಿಗೆ ಹಿಡಿಯುತ್ತಾರೆ. ನಾನು ಈ ಮನೆಗೆ ಬಂದ ಮೊದಲ ವಾರವೇ ಅತ್ತೆ ಹೇಳಿಕೊಟ್ಟಿದ್ದರು: "ನೀಲಿ ಕಂಡರೆ ಹಿಂದೆ ಮುಂದೆ ನೋಡದೆ ಚೆಲ್ಲು."

"ಅದು ಮಾರೋದಲ್ಲ," ಎಂದೆ.

ಒಳಗಿನಿಂದ ಅತ್ತೆ ಬಂದರು. ಜಾಡಿ ನೋಡಿದರು. ಮುಖ ಬಿಗಿಯಿತು.

"ಇದನ್ನ ಯಾರು ಹಾಕಿದ್ದು?"

"ನಾನೇ, ಅತ್ತೆ. ಮೊನ್ನೆ ನೀವು ಮಲಗಿದ್ರಲ್ಲ, ಆಗ. ವಿನೆಗರ್ ಮರೆತೇಬಿಟ್ಟೆ."

ಶುರುವಾಯಿತು. ಇಪ್ಪತ್ತೆರಡು ವರ್ಷ ಕಲಿಸಿದ್ದು ನೀರುಪಾಲು, ತಲೆಯಲ್ಲಿ ಏನು ತುಂಬಿಕೊಂಡಿದ್ದೀಯ, ಊರಿನವರ ಹೊಟ್ಟೆ ಕೆಡಿಸಬೇಕು ಅಂತಿದ್ದೀಯಾ. ಟೈಲರಮ್ಮ ಮೆಲ್ಲಗೆ ಜಾಗ ಖಾಲಿ ಮಾಡಿದಳು. ನಾನು ತಲೆತಗ್ಗಿಸಿ ಕೇಳಿಸಿಕೊಂಡೆ. ಅಷ್ಟು ಗಟ್ಟಿಯಾಗಿ ಅವರು ಬೈದು ತಿಂಗಳಾಗಿತ್ತು. ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು.

ಬೈಯುತ್ತಲೇ ಜಾಡಿಯನ್ನು ಅಡುಗೆಮನೆಗೆ ಒಯ್ದು ಚೆಲ್ಲಲು ದಾರಕ್ಕೆ ಕೈಹಾಕಿದರು. ಗಂಟಿನ ವಿಷಯ ನನಗೆ ಆಗ ನೆನಪಾಯಿತು.

ಅವರ ಬೆರಳು ನಿಂತಿತು. ಬೈಗುಳವೂ ನಿಂತಿತು. ಗಂಟನ್ನು ಸವರಿ ನೋಡಿದರು, ಮತ್ತೊಮ್ಮೆ ಸವರಿದರು. ಆಮೇಲೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತೆ.

"ಇದು ನನ್ನ ಗಂಟು," ಎಂದರು. "ಹಾಕಿದ್ದು ನೆನಪೇ ಇಲ್ಲ ಕಣೇ."

ಅವರೇ ಎದ್ದು ಜಾಡಿ ಬರಿದು ಮಾಡಿದರು. ಕಪಾಟಿನಿಂದ ವಿನೆಗರ್ ಬಾಟಲಿ ತೆಗೆದು ನನ್ನ ಮುಂದಿಟ್ಟರು.

"ಇನ್ಮೇಲೆ ನೀನೇ ಹಾಕು."

"ನನಗೆ ಕಣ್ಣಂದಾಜು ಬರಲ್ಲ, ಅತ್ತೆ."

"ಲೋಟ ಇದೆಯಲ್ಲ. ಅಳೆದು ಹಾಕು."

ಬೆಂದ ಮೊಟ್ಟೆಗಳ ಬೋಗುಣಿಯನ್ನು ತಮ್ಮ ಕಡೆ ಎಳೆದುಕೊಂಡು, ನನ್ನ ಜಾಗದಲ್ಲಿ ಕುಳಿತು ಒಂದನ್ನು ಸುಲಿದರು. ತುಂಬ ಹೊತ್ತು ಹಿಡಿಯಿತು. ಸುಲಿದದ್ದನ್ನು ನನ್ನ ಕಡೆ ಚಾಚಿದರು.

"ನೋಡು, ಗೀರೇನಾದ್ರೂ ಬಿದ್ದಿದೆಯಾ?"

ಬೆಳಕಿಗೆ ಹಿಡಿದು ನೋಡಿದೆ. ಉಗುರಿನ ಗೀರು ಉದ್ದಕ್ಕೂ ಇತ್ತು. ನಾನು ಏನೂ ಹೇಳಲಿಲ್ಲ.