ಟೊಳ್ಳು ಮೈಯ ಕಂದು ಗಿಟಾರು

ಎಲ್ಲಿಂದ ಶುರು ಮಾಡಲಿ? ಮೂರು ಸಲ ಬರೆದಿದ್ದೇನೆ. ಮೊದಲ ಡ್ರಾಫ್ಟಿನಲ್ಲಿ ಗಿಟಾರಿನಿಂದ ಶುರು ಮಾಡಿದೆ, ಕ್ಯಾಟಲಾಗಿನ ಹಾಗಿತ್ತು. ಎರಡನೆಯದರಲ್ಲಿ ದೆವ್ವದಿಂದ, ನನಗೇ ನಗು ಬಂತು. ಮೂರನೆಯದರಲ್ಲಿ ವಿಭಾಳ ಗಂಟಲಿನಿಂದ. ಆಗ ನಗು ಬರಲಿಲ್ಲ. ಅಲ್ಲಿಂದಲೇ ಬನ್ನಿ.

೧

ವಿಭಾ ವಿಮೆ ಕಚೇರಿಯ ಗುಮಾಸ್ತೆ. ಆದರೆ ಹಲಸೂರು, ಮರ್ಫಿ ಟೌನಿನ ಛತ್ರಗಳಲ್ಲೆಲ್ಲ ಅವಳು ಆರ್ಕೆಸ್ಟ್ರಾ ವಿಭಾ. ಗಂಡ ಭಾರ್ಗವ್ ಅವಳನ್ನು ನೋಡುವ ಮೊದಲೇ ಅವಳ ದನಿ ಕೇಳಿದ್ದ, ರಾಜ್ಯೋತ್ಸವದ ಪೆಂಡಾಲಿನ ಹಿಂದೆ ಲೌಡ್‌ಸ್ಪೀಕರಿನ ಕಂಬಕ್ಕೆ ಒರಗಿ. ಮದುವೆಯಾಗಿ ವಿಮಾನಪುರದ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಬಂದಮೇಲೂ, ಅವಳು ಅಡುಗೆಮನೆಯಿಂದ ಕೂಗಿದರೆ ಮೊದಲ ಸಲಕ್ಕೆ ಓಗೊಡುತ್ತಿರಲಿಲ್ಲ. ಇನ್ನೊಮ್ಮೆ ಕೂಗಲಿ ಅಂತ.

ತೊಂಬತ್ತೇಳರಲ್ಲಿ ಥೈರಾಯ್ಡ್ ಆಪರೇಶನ್ ಆಯಿತು. ಗಂಟು ಹೋಯಿತು, ಅದರ ಹಿಂದೆಯೇ ದನಿಯೂ ಹೋಯಿತು. ಉಳಿದದ್ದು ಪಿಸುಮಾತು. ಎರಡು ವರ್ಷ ಕಾದಳು. ಆಮೇಲೆ, ಗಂಟಲು ಕೈಬಿಟ್ಟರೆ ಕೈಯಾದರೂ ಹಾಡಲಿ ಎಂದುಕೊಂಡು ಗಿಟಾರು ಹುಡುಕಲು ಹೊರಟಳು.

(ಕೀಬೋರ್ಡ್ ಯಾಕಾಗಬಾರದು ಅಂತ ನಾನೂ ಕೇಳಿದೆ. "ಎದೆಗೆ ಒತ್ಕೊಂಡು ನುಡಿಸೋ ಅಂಥದ್ದು ಬೇಕು ನಂಗೆ," ಎಂದಳು. ಲೇಖಕನ ಬಾಯಿ ಮುಚ್ಚಿಸುವುದು ಇಷ್ಟೇ ಸುಲಭ.)

೨

ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಖುರ್ಷೀದ್ ಬೇಗಂ ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು. ಗೋಡೆಯಲ್ಲಿ ಎರಡು ಜಪಾನಿ ಗಿಟಾರುಗಳು ನೇತಾಡುತ್ತಿದ್ದವು. ಎರಡೂ ಅರವತ್ತರ ದಶಕದವು, ಎಲೆಕ್ಟ್ರಿಕ್. ಆದರೂ ಮೈ ಮಾತ್ರ ಪಿಟೀಲಿನಂತೆ ಟೊಳ್ಳು, ಎದೆಯ ಮೇಲೆ ಎರಡು ಬಳುಕಿದ ಸೀಳು. ಒಂದು ಅಚ್ಚ ಕೆಂಪು. ಇನ್ನೊಂದು ಕಂದು, ಅಂಚಿಗೆ ಹೋದಂತೆ ಕಪ್ಪು.

ಆರಿಸುವುದು ಹೇಗೆಂದು ಖುರ್ಷೀದ್ ಹೇಳಿಕೊಟ್ಟರು. "ಕತ್ತು ಹಿಡ್ಕೊಂಡು ಬಂದೂಕಿನ ಥರ ನೋಡಿ, ಸೊಟ್ಟ ಇದ್ಯಾ? ಸೀಳೊಳಗೆ ಟಾರ್ಚ್ ಬಿಡಿ, ಮರ ಬಿರುಕು ಬಿಟ್ಟಿದ್ಯಾ? ಆಮೇಲೆ ಹಲಸಿನ ಹಣ್ಣಿನ ಥರ ತಟ್ಟಿ ನೋಡಿ."

ಕೆಂಪಿನದು ಎಲ್ಲದರಲ್ಲೂ ಪಾಸು. ಕಂದಿನದರ ಕತ್ತು ಕೊಂಚ ಬಾಗಿತ್ತು, ತಂತಿ ಬಿಗಿಸುವ ಒಂದು ಕೀಲಿ ಸಡಿಲ. ವಿಭಾ ಟಾರ್ಚ್ ಬಿಟ್ಟು ಅದರ ಸೀಳಿಗೆ ಕಣ್ಣಿಟ್ಟಳು. ಒಳಗಿನಿಂದ ಬೆಚ್ಚನೆಯ ಗಾಳಿ ರೆಪ್ಪೆಗೆ ಸೋಕಿತು.

"ಯಾರ್ದು ಇದು?" ಎಂದು ಪಿಸುಗುಟ್ಟಿದಳು.

ಆರು ತಂತಿಗಳೂ ನಡುಗಿದವು. ವೈರು ಚುಚ್ಚಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಆ ನಡುಕದೊಳಗಿಂದ ತುಂಬಿದ ಹೆಣ್ಣುದನಿಯೊಂದು ಕೇಳಿತು: "ಯಾರ್ದು ಇದು?"

ಅದು ವಿಭಾಳ ದನಿ. ಎರಡು ವರ್ಷದ ಹಿಂದಿನದು.

"ನಕ್ಕೋ ಅಮ್ಮಾ, ಬೇಡ ಇದು," ಎಂದರು ಖುರ್ಷೀದ್. "ಟೊಳ್ಳು ಮೈ ಅಂದ್ಮೇಲೆ ಮಾತಿಗೆ ತಂತಿ ಗುಂಯ್ ಅನ್ನೋದೇ. ಅದಕ್ಕೆ ನಾನ್ ಹೆದರಲ್ಲ. ಇದು ಹಾಗಲ್ಲ. ಮೂರು ಜನ ತಗೊಂಡ್ಹೋಗಿ ವಾಪಸ್ ತಂದ್ರು. ಯಾಕೆ ಅಂದ್ರೆ ಒಬ್ರೂ ಬಾಯ್ಬಿಡಲಿಲ್ಲ. ಕೆಂಪು ತಗೊಳ್ಳಿ."

೩ (ರದ್ದಾದದ್ದು)

ವಿಭಾ ಕೆಂಪು ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದಳು. ಹಲಸೂರು ಕೆರೆಯ ಮೇಲಿನ ತಂಗಾಳಿ...

"ಹೊಡೆದುಹಾಕಿ ಇದನ್ನ."

"ನಿಮ್ಮ ಒಳ್ಳೇದಕ್ಕೇ ಬರೀತಿದೀನಿ ಕಣ್ರೀ ವಿಭಾ."

"ನಿಮ್ಮ ದನಿ ಯಾರ್ದೋ ಅಂಗಡಿ ಗೋಡೇಲಿ ನೇತಾಡ್ತಿದ್ರೆ, ನೀವು ಬಿಟ್ಟು ಬರ್ತಿದ್ರಾ?"

ಹೊಡೆದುಹಾಕಿದೆ. ಅವಳು ಕಂದು ಗಿಟಾರನ್ನೇ ಮನೆಗೆ ತಂದಳು.

೪

ಮೊದಲ ವಾರ ಅದು ಅವಳ ಮಾತನ್ನು ಅವಳು ಆಡಿದ ಮೇಲೆ ಆಡುತ್ತಿತ್ತು. ಎರಡನೆಯ ವಾರ ಅವಳ ಜೊತೆಜೊತೆಗೇ. ಭಾರ್ಗವ್‌ಗೆ ಹಬ್ಬ. ಫ್ಯಾಕ್ಟರಿಯಿಂದ ಬಂದವನೇ "ಏನಾದ್ರೂ ಮಾತಾಡು" ಅನ್ನುತ್ತಿದ್ದ. ಅವಳು ಪಿಸುಗುಟ್ಟುವಾಗ ಅವನ ಮುಖ ಗಿಟಾರಿನ ಕಡೆಗಿರುತ್ತಿತ್ತು.

ಮೂರನೆಯ ವಾರ, ಶನಿವಾರ ಮಧ್ಯಾಹ್ನ, ವಿಭಾ ಸೊಪ್ಪು ಕೊಂಡು ಗೇಟು ತೆಗೆಯುತ್ತಿದ್ದಳು. ಭಾರ್ಗವನನ್ನು ಕರೆಯಬೇಕು ಎಂದುಕೊಂಡಳು, ಇನ್ನೂ ಬಾಯಿ ತೆರೆದಿರಲಿಲ್ಲ. ಮನೆಯೊಳಗಿಂದ ಅವಳ ದನಿ ಕೂಗಿತು: "ಭಾರ್ಗವ್!"

"ಬಂದೆ, ಬಂದೆ!" ಮೊದಲ ಕೂಗಿಗೇ ಅವನು ಓಡಿದ ಸದ್ದು ಕೇಳಿಸಿತು.

ಒಳಗೆ ಹೋದಳು. ಅವನು ಗಿಟಾರಿನ ಮುಂದೆ ಮಂಡಿಯೂರಿ ಕೂತಿದ್ದ.

"ನಾನಲ್ಲ ಕರೆದಿದ್ದು," ಎಂದಳು. "ನಾನು ಹೊರಗಿದ್ದೆ."

ಅವನು ತಿರುಗಲಿಲ್ಲ. "ಸ್ವಲ್ಪ ಸುಮ್ನಿರು ವಿಭಾ. ಮಾತಾಡ್ತಿದೆ ಅದು."

(ಈ ಸಾಲನ್ನು ಮೆತ್ತಗೆ ಮಾಡಲು ತುಂಬ ಒದ್ದಾಡಿದೆ. ಅವನು ಕೆಟ್ಟವನಲ್ಲ. ಆದರೂ ಅವನು ಹೇಳಿದ್ದು ಅದನ್ನೇ.)

೫

ನನ್ನ ಹತ್ತಿರ ಎರಡು ಮುಕ್ತಾಯಗಳಿದ್ದವು. ಒಂದು: ನಾಲ್ಕನೆಯವಳಾಗಿ ವಿಭಾ ಅದನ್ನು ಶಿವಾಜಿನಗರಕ್ಕೆ ವಾಪಸ್ ಒಯ್ಯುತ್ತಾಳೆ.

"ಭಾರ್ಗವ್ ಆ ಅಂಗಡಿ ಮುಂದೇನೇ ಹೋಗಿ ಕೂತ್ಕೋತಾರೆ," ಎಂದಳು.

ಇನ್ನೊಂದು: ತಂತಿ ಕಿತ್ತು ಎಸೆಯುತ್ತಾಳೆ.

"ನನ್ನ ಗಂಟಲು ಎರಡನೇ ಸಲ ಕುಯ್ತೀರಾ?"

ಎರಡನ್ನೂ ಹರಿದೆ. ಅವಳು ಮಾಡಿದ್ದು ನನಗೆ ಹೊಳೆದೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಗಿಟಾರನ್ನು ಎದೆಗೆ ಒತ್ತಿಕೊಂಡು, ಕಲಿತಿದ್ದ ಒಂದೇ ಒಂದು ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸತೊಡಗಿದಳು. ಒರಟಾಗಿತ್ತು, ಒಂದು ತಂತಿ ಅಪಸ್ವರ. ಆದರೆ ಕೈ ಆಡುವಷ್ಟು ಹೊತ್ತು ಗಿಟಾರಿಗೆ ಬಾಯಿ ಬರಲಿಲ್ಲ. ಕೈ ತಡೆದರೆ ಸಾಕು, ಸೀಳಿನೊಳಗೆ ಯಾರೋ ಉಸಿರೆಳೆದುಕೊಳ್ಳುತ್ತಿದ್ದರು.

ಭಾರ್ಗವ್ ಎದುರಿಗೆ ಬಂದು ಚಾಪೆಯ ಮೇಲೆ ಕೂತ. "ಸಾಕು, ನಿಲ್ಸು. ಅವಳೇನೋ ಹೇಳೋಕೆ ಬರ್ತಿದಾಳೆ."

ಅವಳು, ಎಂದ. ಅದು, ಅನ್ನಲಿಲ್ಲ.

ಓದುಗರೇ, ಇಲ್ಲಿಗೆ ಮುಗಿಸಬಹುದಿತ್ತು. ಪೆನ್ನೆತ್ತಿ ಮುಂದಿನ ವಾಕ್ಯ ಯೋಚಿಸುತ್ತಿದ್ದೆ. ಬರೆಯುವ ಮೊದಲೇ ಅದು ನನ್ನ ಕೋಣೆಯಲ್ಲಿ, ತುಂಬಿದ ಹೆಣ್ಣುದನಿಯಲ್ಲಿ ಕೇಳಿಸಿತು. ಆ ವಾಕ್ಯವನ್ನು ನಾನು ಬರೆಯುವುದಿಲ್ಲ.

"ನಿಲ್ಲಿಸ್ಬೇಡಿ," ವಿಭಾ ಪಿಸುಗುಟ್ಟಿದಳು. "ನೀವು ಕೊನೇ ಚುಕ್ಕೆ ಇಟ್ರೆ ನನ್ನ ಕೈ ನಿಲ್ಲತ್ತೆ."

ಹಾಗಾಗಿ ಇಡುತ್ತಿಲ್ಲ, ಅವಳ ಬೆರಳ ತುದಿಗಳು ಸುಲಿದಿವೆ, ಕೈ ಸೋಲುವುದನ್ನೇ ಕಾಯುತ್ತ ಭಾರ್ಗವ್ ಚಾಪೆಯ ಮೇಲೆ ಇನ್ನೊಂದಿಷ್ಟು ಹತ್ತಿರ ಸರಿದಿದ್ದಾನೆ, ಅವಳು ಅವನ ಕಣ್ಣನ್ನೇ ನೋಡುತ್ತ ನುಡಿಸುತ್ತಿದ್ದಾಳೆ, ಇನ್ನೂ ನುಡಿಸುತ್ತಿದ್ದಾಳೆ,