ಹುಲ್ಲಿನ ಮೇಲೆ ಎರಡು ಕುರ್ಚಿ

“ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ!” ಎಂದು ಬಾಮೈದ ಕೂಗಿದ.

ಎಡಕ್ಕೆ ನೀರಿನ ಡ್ರಮ್ಮಿತ್ತು. ಪೆಟ್ಟಿಗೆಯ ಮೂಲೆ ಅದಕ್ಕೆ ಢಣ್ಣೆಂದು ತಾಗಿತು. ಹೊತ್ತವರು ಹಿಂದೆ ಸರಿಯುತ್ತ ಸರಿಯುತ್ತ ಮತ್ತೆ ಬಾಗಿಲಿಗೇ ಬಂದು ನಿಂತರು. ಗೋಡೆಗೂ ಹುಲ್ಲಿಗೂ ನಡುವಿನ ಸಿಮೆಂಟಿನ ಹಾದಿ ಒಬ್ಬರು ನಡೆಯುವಷ್ಟೇ ಅಗಲ. ಅದು ಗೇಟಿನ ಕಡೆ ತಿರುಗುವಲ್ಲಿ ಸೈಕಲ್ಲನ್ನೂ ಎತ್ತಿಯೇ ತಿರುಗಿಸಬೇಕು. ಬಾಗಿಲಿನಿಂದ ಗೇಟಿಗೆ ನೇರ ದಾರಿ ಎಂದರೆ ಹುಲ್ಲಿನ ಮೇಲೆ. ಆ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಪೆಟ್ಟಿಗೆಯಲ್ಲಿದ್ದವರು ಸಲೂನ್ ಮಾವ, ಕೂಗುತ್ತಿದ್ದವನು ಅವರ ಬಾಮೈದ. ಆ ಬೀದಿಯ ಅರ್ಧ ತಲೆಗಳು ಅವರ ಕತ್ತರಿಯ ಕೆಳಗೇ ದೊಡ್ಡವಾದವು. ಕೊನೆಯ ಬಾರಿ ನೋಡಲು ಬಂದ ಆ ತಲೆಗಳೆಲ್ಲ ಈಗ ಕಾಂಪೌಂಡ್ ಗೋಡೆಗೆ ಹಲ್ಲಿಗಳ ಹಾಗೆ ಅಂಟಿಕೊಂಡಿದ್ದವು. ನಡುವೆ ಹಾಸಿದಂತೆ ಹಸಿರು ಹುಲ್ಲು. ಅದರ ಮೇಲೆ ಒಬ್ಬರ ಕಾಲೂ ಇಲ್ಲ.

“ಪಕ್ಕದ ಕಾಂಪೌಂಡ್ ಮೇಲಿಂದ ದಾಟಿಸಿದ್ರೆ ಹೇಗೆ?” ಎಂದರು ಎದುರುಮನೆಯ ಮೇಷ್ಟ್ರು.

“ನಮ್ಮಪ್ಪ ಏನು ಸೋಫಾ ಸೆಟ್ಟಾ ಮೇಷ್ಟ್ರೇ?” ಎಂದಳು ಮಗಳು. ಅತ್ತು ಊದಿದ ಕಣ್ಣಲ್ಲೇ ಅವಳಿಗೆ ನಗು ಬಂತು.

“ಹಾಗಲ್ಲಮ್ಮ. ಒಂದ್ಸಲ ನನ್ನ ಟವೆಲ್ ಗಾಳಿಗೆ ಹಾರಿ ಇಲ್ಲಿ ಬಿದ್ದಿತ್ತು. ನಿಮ್ಮಪ್ಪ ಗೋಡೆ ಮೇಲೆ ಹತ್ತಿ ಕೋಲಲ್ಲಿ ಎತ್ತಿ ಕೊಟ್ರು. ತಾವೂ ಕಾಲಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಈಗ ತುಳಿದ್ರೆ ಎದ್ದು ಬಂದು ಬಯ್ತಾರೆ.”

“ಎದ್ರೆ ಒಳ್ಳೇದೇ ಅಲ್ವಾ?” ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು, ನಕ್ಕಿದ್ದಕ್ಕೆ ನಾಚಿ ನೆಲ ನೋಡಿದರು.

ಅತ್ತೆ ಮಾತ್ರ ನಗಲಿಲ್ಲ. ಮಾವನ ಹೆಂಡತಿ, ಹಾಗಾಗಿ ಬೀದಿಗೆಲ್ಲ ಅತ್ತೆ. ಬಾಗಿಲ ಚೌಕಟ್ಟಿಗೆ ಒರಗಿ ಹುಲ್ಲನ್ನೇ ನೋಡುತ್ತಿದ್ದರು. ಅದರ ಮೇಲೆ ತಮ್ಮದೊಂದು ಬಾಕಿ ಇದೆ ಎನ್ನುವಂತಿತ್ತು ಆ ನೋಟ.

* * *

ಕೈ ನಡುಗತೊಡಗಿದಾಗ ಮಾವ ಸಲೂನ್ ಮುಚ್ಚಿ ಅದೇ ಬೀದಿಯ ಈ ಮನೆಗೆ ಬಂದಿದ್ದರು. ಜೊತೆಗೆ ತಂದದ್ದು ಅಂಗಡಿಯ ಎರಡು ತಿರುಗುವ ಕುರ್ಚಿ. ಕಬ್ಬಿಣದ ಕಾಲು, ಕೆಂಪು ಸೀಟು, ಒಂದೊಂದೂ ಇಬ್ಬರು ಎತ್ತುವಷ್ಟು ಭಾರ.

“ಇದನ್ನ ಎಲ್ಲಿ ಇಡ್ತೀರಿ, ನನ್ನ ತಲೆ ಮೇಲಾ?” ಎಂದು ಅತ್ತೆ ಕೇಳಿದ್ದರು.

“ಅಂಗಳದಲ್ಲಿ. ನಾನು ಜೀವಮಾನವೆಲ್ಲ ಊರಿನವರನ್ನ ಕೂರಿಸಿ ನಿಂತೆ. ನೀನು ಆಸ್ಪತ್ರೆ ಬಟ್ಟೆಗೆ ಇಸ್ತ್ರಿ ಹಾಕ್ತಾ ನಿಂತೆ. ಇನ್ನು ಇಬ್ರೂ ಕೂರೋಣ. ಹಸಿರು ಹುಲ್ಲಿನ ಮೇಲೆ.”

“ಹುಲ್ಲೆಲ್ಲಿದೆ?”

ಅಂಗಳದಲ್ಲಿ ಇದ್ದದ್ದು ಸೊಂಟದೆತ್ತರದ ಕಳೆ. ಮುಟ್ಟಿದರೆ ಮುನಿಯ ಮುಳ್ಳು, ಹೆಸರಿಲ್ಲದ ಬಳ್ಳಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಜೇಕು. ಈ ಜೇಕು ಹುಲ್ಲಿನ ವೇಷ ಹಾಕಿದ ಕಳ್ಳ. ಮೇಲೆ ಕಿತ್ತರೆ ಕೆಳಗೆ ಕಪ್ಪು ಗೆಡ್ಡೆ ಉಳಿಯುತ್ತದೆ, ಅದರ ಕೆಳಗೆ ಇನ್ನೊಂದು. ಎಲ್ಲದರ ಅಡಿಯಲ್ಲಿ, ಬೆಳಕು ಕಾಣದೆ, ಗರಿಕೆ ಬದುಕಿತ್ತು. ಮಾವ ಬಗ್ಗಿ ಬೆರಳಿಂದ ಕಳೆ ಸರಿಸಿ ಅದನ್ನು ನೋಡಿದ್ದರು, ಹೊಸ ಗಿರಾಕಿಯ ತಲೆ ನೋಡುವ ಹಾಗೆ.

ಬೇಸಿಗೆ ಶುರುವಾಗುವ ಮೊದಲೇ ಇಡೀ ಅಂಗಳವನ್ನು ಮಣ್ಣು ಕಾಣುವಂತೆ ಬೋಳಿಸಿಬಿಟ್ಟರು. ಮೇಷ್ಟ್ರು ಸಾವಿನ ಮನೆಗೆ ಬಂದ ಮುಖ ಮಾಡಿಕೊಂಡು ಬಂದು, “ಹೋಗ್ಲಿ ಬಿಡಿ, ಸಿಮೆಂಟ್ ಹಾಕಿಸಿ” ಎಂದಿದ್ದರು. “ತಾಳಿ ಮೇಷ್ಟ್ರೇ, ಗರಿಕೆಗೆ ಬೇಕಾಗಿರೋದು ಬಿಸಿಲು” ಎಂದು ಮಾವ ನಕ್ಕಿದ್ದರು. ದಿನವೂ ಕುಕ್ಕರುಗಾಲಲ್ಲಿ ಕೂತು ಅಡುಗೆಮನೆಯ ಚಮಚದಿಂದ ಜೇಕಿನ ಗೆಡ್ಡೆ ಅಗೆದರು. ಚಮಚ ಕಾಣೆಯಾಯಿತೆಂದು ಅತ್ತೆ ಮನೆಯೆಲ್ಲ ಹುಡುಕಿದರು. ಸೆಖೆ ಜೋರಾಗುವ ಹೊತ್ತಿಗೆ ಬೋಳು ನೆಲದ ಮೇಲೆ ಹಸಿರು ಹರಿಯತೊಡಗಿತ್ತು.

“ಈಗ ಕುರ್ಚಿ ಇಳಿಸೋಣ” ಎಂದರು ಅತ್ತೆ.

“ಬೇರು ಹೆಣೆದ್ಕೊಳ್ಳಲಿ. ಮುಂದಿನ ಬೇಸಿಗೆಗೆ ಖಂಡಿತ.”

ಆ ಮುಂದಿನ ಬೇಸಿಗೆಯನ್ನು ಕೆಡಿಸಿದವನು ಬಾಮೈದ, ಅತ್ತೆಯ ಸ್ವಂತ ತಮ್ಮ. ವೈರಿಂಗ್ ಕೆಲಸದವನು, ಮನಸ್ಸು ಚಿನ್ನ, ತಾಳ್ಮೆ ಮಾತ್ರ ಇಲ್ಲ. ಚಳಿಗಾಲದಲ್ಲಿ ಮಾವ ಹರ್ನಿಯಾ ಆಪರೇಷನ್‌ಗೆ ಆಸ್ಪತ್ರೆ ಸೇರಿದ್ದಾಗ, ಭಾವನಿಗೆ ಖುಷಿಯಾಗಲಿ ಎಂದು ಅಂಗಳಕ್ಕಿಳಿದ. ಚಳಿಗೆ ಗರಿಕೆ ಒಣಗಿ ಕಂದು ಬಣ್ಣಕ್ಕೆ ತಿರುಗಿ ಮಲಗಿತ್ತು. ಹಸಿರಾಗಿದ್ದದ್ದು ಕಳೆ ಮಾತ್ರ. ಅವನು ಕಂದಾದದ್ದನ್ನೆಲ್ಲ ಬುಡಸಮೇತ ಕಿತ್ತ, ಹಸಿರಿಗೆಲ್ಲ ಗೊಬ್ಬರ ಹಾಕಿ ನೀರು ಬಿಟ್ಟ.

ಮಾವ ಬಂದು ಗೇಟಿನಲ್ಲೇ ನಿಂತರು.

“ಅಯ್ಯೋ ಪುಣ್ಯಾತ್ಮ, ತಲೆ ಬೋಳಿಸಿ ಹೇನು ಸಾಕಿದ್ದೀಯಲ್ಲೋ!”

ಆಮೇಲೆ ಆಪರೇಷನ್ನಿನ ಹೊಲಿಗೆ ಹಿಡಿದುಕೊಂಡು ನಕ್ಕರು. ನಗು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಬಿಸಿಲು ಬಂದಾಗ ಗರಿಕೆಯ ತುಂಡುಗಳನ್ನು ಒಂದೊಂದಾಗಿ ಮತ್ತೆ ನೆಟ್ಟರು. ಕುರ್ಚಿಗಳು ಇನ್ನೊಂದು ವರ್ಷ ಶೆಡ್ಡಿನಲ್ಲೇ ಉಳಿದವು.

* * *

“ಅಕ್ಕ,” ಬಾಮೈದ ಬಾಗಿಲ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, “ಈ ಭಾನುವಾರ ಕುರ್ಚಿ ಇಳಿಸ್ತೀನಿ, ಬಾ ಅಂದಿದ್ರು ಭಾವ. ನಾನು ಅವತ್ತು ಕೀಳದೇ ಇದ್ದಿದ್ರೆ ನೀವಿಬ್ರೂ ಹೋದ ವರ್ಷಾನೇ ಕೂತಿರ್ತಿದ್ರಿ.”

“ಹೌದು,” ಎಂದರು ಅತ್ತೆ, “ಕೂತಿರ್ತಿದ್ವಿ.”

ಅವನ ಮುಖ ಸಪ್ಪಗಾಯಿತು. ಅತ್ತೆ ಅವನನ್ನು ಸಮಾಧಾನ ಮಾಡಲಿಲ್ಲ. ದುಃಖ ಇದ್ದದ್ದೇ ಕೂರದೆ ಹೋದ ಆ ಒಂದು ವರ್ಷದಲ್ಲಿ. ಚಪ್ಪಲಿ ಬಿಟ್ಟರು. ಮೆಟ್ಟಿಲಿಳಿದು ಹುಲ್ಲಿನ ಮೇಲೆ ಕಾಲಿಟ್ಟರು.

ಗೋಡೆಗುಂಟ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಅತ್ತೆ ನಡುವಿನವರೆಗೆ ಹೋಗಿ ಹಿಮ್ಮಡಿಯಿಂದ ನೆಲ ಒತ್ತಿ ನೋಡಿದರು. ಪೆಟ್ಟಿಗೆಯ ಕಡೆ ತಿರುಗಿದರು.

“ಗಟ್ಟಿಯಾಗಿದೆ ಕಣ್ರೀ” ಎಂದರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, “ಇಲ್ಲಿ ತಂದು ಇಳಿಸಿ. ನೀನು ಶೆಡ್ಡಿಂದ ಕುರ್ಚಿ ತಾರೋ. ಎರಡೂ” ಎಂದರು ತಮ್ಮನ ಕಡೆ ತಿರುಗಿ.

ಪೆಟ್ಟಿಗೆ ಒಯ್ಯಲು ಬಂದಿದ್ದ ವ್ಯಾನಿನ ಡ್ರೈವರ್ ಗೇಟಿನಿಂದ ಇಣುಕಿದ. “ಅತ್ತೇ, ಹೊತ್ತಾಗುತ್ತೆ.”

“ನಿನ್ನ ಕೂದಲು ಯಾರು ಕತ್ತರಿಸ್ತಿದ್ದಿದ್ದು?”

“ಮಾವನೇ.”

“ಯಾವತ್ತಾದ್ರೂ ಕಾಯಿಸಿದ್ರಾ?”

“ಪ್ರತಿ ಭಾನುವಾರ.”

“ಹಾಗಿದ್ರೆ ಅಭ್ಯಾಸ ಇದೆ. ಕಾಯಿ.”

ಪೆಟ್ಟಿಗೆ ಹುಲ್ಲಿನ ಮೇಲೆ ಇಳಿಯಿತು. ಪಕ್ಕದಲ್ಲಿ ಕೆಂಪು ಕುರ್ಚಿಗಳು ಜೋಡಿಯಾಗಿ ಬಂದು ಕೂತವು. ಅತ್ತೆ ಒಂದರಲ್ಲಿ ಕೂತರು. ಕುರ್ಚಿ ಕಿರ್ರೆಂದು ಕಾಲು ಸುತ್ತು ತಿರುಗಿತು. ಮಗಳು ಬರಿಗಾಲಲ್ಲಿ ಬಂದು ಅಮ್ಮನ ಕಾಲ ಬಳಿ ಹುಲ್ಲಿನ ಮೇಲೆ ಕೂತಳು. ಆಮೇಲೆ ಮೇಷ್ಟ್ರು, ಆಮೇಲೆ ಎಲ್ಲರೂ. ಗೋಡೆಯ ಬದಿ ಚಪ್ಪಲಿಗಳ ರಾಶಿ ಬಿತ್ತು. ಪೆಟ್ಟಿಗೆಯ ಮುಂದೆ ಬಂದ ಗಂಡಸರೆಲ್ಲ ತಮಗೇ ತಿಳಿಯದೆ ಕೈಯಿಂದ ಕೂದಲು ಸರಿಮಾಡಿಕೊಂಡರು. ಇನ್ನೊಂದು ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ಸಾಕೆನಿಸಿದಾಗ ಅತ್ತೆ ತಲೆಯಾಡಿಸಿದರು. ಪೆಟ್ಟಿಗೆ ಹುಲ್ಲಿನ ಮೇಲೆ ನೇರವಾಗಿ ನಡೆದು ಗೇಟು ದಾಟಿತು.

* * *

ಸಂಜೆ, ಎಲ್ಲ ಮುಗಿದು ಜನ ಹೋದ ಮೇಲೆ, ಅತ್ತೆ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಹುಲ್ಲು ಉದ್ದಕ್ಕೆ ಮಲಗಿತ್ತು. ಅದರ ಅಂಚಿನಲ್ಲಿ ಒಂದೇ ಒಂದು ಎಲೆ ಸೆಟೆದು ನಿಂತಿತ್ತು.

ಬಾಮೈದ ಮಂಡಿಯೂರಿ ಅದನ್ನು ನೋಡಿದ. ಕೈ ಚಾಚಿದವನು ಹಿಂದಕ್ಕೆಳೆದುಕೊಂಡ. “ಅಕ್ಕ, ಇದು ಹುಲ್ಲಾ, ಕಳೆನಾ?”

“ನೀನೇ ನೋಡಿ ಹೇಳು.”

ಅವನು ಅತ್ತ ಬಗ್ಗಿ ನೋಡಿದ, ಇತ್ತ ಬಗ್ಗಿ ನೋಡಿದ. “ಕಳೆ” ಎಂದ, ಪರೀಕ್ಷೆಯಲ್ಲಿ ಕೂತವನ ಹಾಗೆ.

ಅತ್ತೆ ಮಡಿಲಿನಿಂದ ಚಮಚ ತೆಗೆದು ಕೊಟ್ಟರು. ಬೆಳಿಗ್ಗೆ ಮಾವನ ಅಂಗಿಯ ಜೇಬಿನಲ್ಲಿ ಸಿಕ್ಕಿತ್ತು. ತುದಿ ಸವೆದು ಅರ್ಧವಾಗಿತ್ತು.

ಅವನು ಮೆಲ್ಲಗೆ ಅಗೆದ. ಕೊನೆಗೆ ಕಪ್ಪು ಗೆಡ್ಡೆ ಸಿಕ್ಕಿತು. ಅದನ್ನು ಎತ್ತಿ ತೋರಿಸುವಾಗ ಅವನ ಮುಖ ಅರಳಿತ್ತು.

“ಕೆಳಗೆ ಇನ್ನೊಂದಿರುತ್ತೆ” ಎಂದರು ಅತ್ತೆ.

ಅವನು ಮತ್ತೆ ಬಗ್ಗಿದ. ಅತ್ತೆ ಬರಿಗಾಲು ಚಾಚಿ, ಪಕ್ಕದ ಖಾಲಿ ಕುರ್ಚಿಯನ್ನು ಅವನು ಅಗೆಯುತ್ತಿದ್ದ ಕಡೆಗೆ ಮೆಲ್ಲಗೆ ತಿರುಗಿಸಿದರು.