ಅಂಗೈ ಉಜ್ಜುತ್ತ ಬರುತ್ತಿದ್ದ ದೊಡ್ಡಕ್ಕ

ತಲೆಯನ್ನು ತುಸು ಮುಂದೆ ಚಾಚಿ, ಎರಡೂ ಅಂಗೈಗಳನ್ನು ಪರಪರನೆ ಉಜ್ಜುತ್ತ, ಯಾರ ಮೇಲೋ ಜಗಳಕ್ಕೆ ಹೊರಟವರಂತೆ ಅವರು ನಡೆದು ಬರುತ್ತಿದ್ದರು. ನವಜಾತ ಶಿಶುಗಳ ವಾರ್ಡಿನ ಹಿರಿಯ ನರ್ಸ್. ವೈದ್ಯರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ದೊಡ್ಡಕ್ಕ. ಕೈ ತೊಳೆದು, ಒರೆಸಿ, ಉಜ್ಜಿ ಬೆಚ್ಚಗೆ ಮಾಡಿಕೊಳ್ಳದೆ ಕೂಸನ್ನು ಮುಟ್ಟಲು ಅವರು ಯಾರನ್ನೂ ಬಿಡುತ್ತಿರಲಿಲ್ಲ.

ನಾನು ಆ ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುವವನು. ಕೂಸುಗಳಿಗೆ ಶಾಖ ಕೊಡುವ ವಾರ್ಮರುಗಳು ಅಲ್ಲಿದ್ದದ್ದು ಮೂರೇ. ಅವುಗಳಲ್ಲೊಂದು ಸದಾ ಬಿಡಿಭಾಗಕ್ಕಾಗಿ ಕಾಯುತ್ತಿರುತ್ತಿತ್ತು. ಒಂದು ಮಧ್ಯಾಹ್ನ ಅದನ್ನು ಹೇಗೋ ಸರಿಪಡಿಸಿ, ಎಂಟು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸನ್ನು ಅದರಲ್ಲಿ ಮಲಗಿಸಿದ ಮೇಲೆ ಗೆದ್ದವನಂತೆ ಪಕ್ಕದಲ್ಲೇ ನಿಂತಿದ್ದೆ. ದೊಡ್ಡಕ್ಕ ಬಂದವರೇ ಬೆರಳ ಹಿಂಬದಿಯಿಂದ ಕೂಸಿನ ಅಂಗಾಲು ಮುಟ್ಟಿದರು.

"ಮೇಸ್ತ್ರೀ, ಪಾದ ತಣ್ಣಗಿದೆಯಲ್ಲೋ."

"ಮೂವತ್ತಾರೂವರೆ ತೋರಿಸ್ತಿದೆ, ನೋಡಿ ದೊಡ್ಡಕ್ಕ. ಮೆಷಿನ್ ಸುಳ್ಳು ಹೇಳುತ್ತಾ?"

"ಮೆಷಿನ್ ಯಾಕೆ ಸುಳ್ಳು ಹೇಳುತ್ತೆ? ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ."

ಬಟ್ಟೆ ಸರಿಸಿದರು. ಕೂಸಿನ ಹೊಟ್ಟೆಗೆ ಅಂಟಿಕೊಂಡಿರಬೇಕಾದ ಸೆನ್ಸರ್ ಕಳಚಿ ಹಾಸಿನ ಮೇಲೆ ಬಿದ್ದಿತ್ತು. ಅದು ಹಾಸಿನ ಬಿಸಿಯನ್ನು ಅಳೆದು, ಸಾಕೆಂದು ಶಾಖವನ್ನು ತಗ್ಗಿಸಿಬಿಟ್ಟಿತ್ತು. ಥರ್ಮಾಮೀಟರ್ ಇಟ್ಟರೆ ಮೂವತ್ತನಾಲ್ಕು ಡಿಗ್ರಿ. ವಾರ್ಮರ್ ಮತ್ತೆ ಬಿಸಿಯಾಗುವವರೆಗೆ ತಡೆಯದೆ, ಕೂಸಿಗೆ ಈಗಲೇ ಮೈಯ ಶಾಖ ಬೇಕೆಂದರು ದೊಡ್ಡಕ್ಕ.

ತಾಯಿಗೆ ಆಪರೇಷನ್ನಿನ ಮಂಪರು ಇನ್ನೂ ಇಳಿದಿರಲಿಲ್ಲ. ಕೂಸಿನ ಅಪ್ಪ, ಗೋಡೆಗೆ ಬಣ್ಣ ಬಳಿಯುವವನು, ಹೊರಗೆ ಬೆಂಚಿನ ಮೇಲಿದ್ದ. ದೊಡ್ಡಕ್ಕ ಅವನನ್ನೇ ಎಳೆದು ತಂದರು.

"ಸೋಪು ಹಾಕಿ ಮೈ ತೊಳ್ಕೊ. ಅಂಗಿ ಬಿಚ್ಚು."

"ನಾನು ಗಂಡಸು, ಸಿಸ್ಟರ್!"

"ಗಂಡಸರೇನು ಎದೇಲಿ ಐಸ್ ಇಟ್ಕೊಂಡಿರ್ತಾರಾ? ಬಿಚ್ಚಪ್ಪಾ ಬೇಗ."

ಬೋಳು ಎದೆಗೆ ಕೂಸನ್ನು ಆನಿಸಿ, ಟೋಪಿ ಹಾಕಿ, ಮೇಲೆ ಬಟ್ಟೆ ಬಿಗಿದರು. ಅವನು ಹೆದರಿ ಉಸಿರು ಹಿಡಿದು ಕೂತಿದ್ದ. "ಉಸಿರಾಡೋ ಮಾರಾಯ, ನಿನ್ನ ನೋಡಿ ಅದೂ ಕಲೀಲಿ" ಎಂದರು. ಕಾಲುಗಂಟೆಗೊಮ್ಮೆ ಕೈ ಉಜ್ಜಿ ಬಂದು ಅಂಗಾಲು ಮುಟ್ಟುತ್ತಿದ್ದರು. ಆರನೆಯ ಬಾರಿ ನನ್ನ ಕೈಯನ್ನೂ ಉಜ್ಜಿಸಿ, ಮುಟ್ಟಿಸಿದರು. ಬೆಚ್ಚಗಿತ್ತು.

ಆ ಕೂಸು ಮುಂದಿನ ತಿಂಗಳು ತಾಯಿಯ ತೋಳಿನಲ್ಲಿ ಮನೆಗೆ ಹೋಯಿತು. ಎಲ್ಲ ಕೂಸುಗಳೂ ಹಾಗೆ ಮನೆಗೆ ಹೋಗುತ್ತಿರಲಿಲ್ಲ. ಕೂಸು ಉಳಿಯದ ದಿನಗಳಲ್ಲಿ ದೊಡ್ಡಕ್ಕ ಮಡಿಸಿಟ್ಟ ಬಟ್ಟೆಗಳನ್ನೇ ಮತ್ತೆ ಬಿಡಿಸಿ ಮಡಿಸುತ್ತಿದ್ದರು.

ಹೋದ ವಾರ, ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೆ, ಉಸಿರು ನಿಂತ ಅವರನ್ನು ಅದೇ ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ್ದರು. ಎಲ್ಲ ತಿಳಿದೂ ನಾನು ಅಂಗೈ ಉಜ್ಜಿ, ಬೆರಳ ಹಿಂಬದಿಯಿಂದ ಅವರ ಪಾದ ಮುಟ್ಟಿದೆ. ಎಷ್ಟು ಹೊತ್ತು ಹಿಡಿದುಕೊಂಡಿದ್ದರೂ ಅದು ಬೆಚ್ಚಗಾಗಲಿಲ್ಲ.

ಅಂಕಿಯನ್ನು ಓದಿದ ಮೇಲೂ ಒಮ್ಮೆ ಮುಟ್ಟಿ ನೋಡದೆ ಇಂಥವರಿಗೆ ಸಮಾಧಾನವಿಲ್ಲ. ಈಗಲೂ ಯಾವಾಗಲಾದರೂ ವಾರ್ಡಿಗೆ ಹೋಗಿ ನೋಡಿದರೆ, ದೊಡ್ಡಕ್ಕನನ್ನು ಕಂಡೇ ಇರದ ನರ್ಸೊಬ್ಬಳು ಅಂಗೈ ಉಜ್ಜುತ್ತ ಕೂಸಿನ ಕಡೆಗೆ ನಡೆಯುತ್ತಿರುತ್ತಾಳೆ.